ಪ್ರೆಸ್ ಕಾಸ್ಟಿಂಗ್ ಶೀಟ್: ಆರನೇ ವಾರ

ಅಂತೂ ಶೀಟ್ ಉತ್ತರ ಕೊಡೋಕೆ ಶುರು ಮಾಡ್ತು! ಹೊಸಬ್ರಿಗೆ ಒಂದ್ಮಾತು, ಫ್ರೆಂಡ್‌ದು ಸಣ್ಣ ಆಫ್‌ಸೆಟ್ ಪ್ರೆಸ್ ಇದೆ, ಯಾವ ಜಾಬ್‌ನಲ್ಲಿ ನಿಜವಾಗ್ಲೂ ಲಾಭ ಉಳಿಯುತ್ತೆ ಅಂತ ಕಂಡುಹಿಡಿಯೋ ಲೆಕ್ಕ ಕಟ್ತಾ ಇದೀನಿ.

ಮೊದಲ ಮೂರು ವಾರ ದಂಡ ಆಯ್ತು. 1980ರ ದಶಕದಲ್ಲಿ ಕೂಪರ್, ಕಪ್ಲಾನ್ ಅನ್ನೋ ಅಕೌಂಟಿಂಗ್ ಪ್ರೊಫೆಸರ್‌ಗಳು ಬೆಳೆಸಿದ ಆಕ್ಟಿವಿಟಿ ಬೇಸ್ಡ್ ಕಾಸ್ಟಿಂಗ್ (ಯಾವ ಕೆಲಸಕ್ಕೆ ಎಷ್ಟು ಖರ್ಚು ಅಂತ ಬಿಡಿಸಿ, ಅದನ್ನ ಆಯಾ ಜಾಬ್ ಮೇಲೆ ಹಾಕೋ ವಿಧಾನ) ಹಿಡ್ಕೊಂಡು ಒಬ್ಬೊಬ್ರನ್ನೇ ಕೂರಿಸಿ ಯಾವ ಕೆಲಸಕ್ಕೆ ಎಷ್ಟು ಪರ್ಸೆಂಟ್ ಟೈಮ್ ಹೋಗುತ್ತೆ ಅಂತ ಕೇಳ್ದೆ, ಎಲ್ಲರದ್ದೂ ಕೂಡಿದ್ರೆ ಸರಿಯಾಗಿ 100, ಖಾಲಿ ಕೂತ ಟೈಮ್ ಯಾರ ಉತ್ತರದಲ್ಲೂ ಇಲ್ಲ. ಅಷ್ಟೆಲ್ಲ ಪಟ್ಟಿ ಮಾಡಿ ಪ್ರತಿ ತಿಂಗಳು ಅಪ್‌ಡೇಟ್ ಮಾಡೋರ್ಯಾರು? ಇಲ್ಲಿ ಅಕೌಂಟ್ಸ್ ನೋಡೋ ಮೇಡಮ್ಮೇ ಬಿಲ್ ಹಾಕ್ಬೇಕು, ಪೇಪರ್ ತರಿಸ್ಬೇಕು, ಬಾಕಿಗೆ ಫೋನೂ ಮಾಡ್ಬೇಕು. ಇರೋ ಲೆಕ್ಕ ಎಲ್ಲಾ ಟ್ಯಾಕ್ಸ್‌ಗೆ, ಬ್ಯಾಂಕ್‌ಗೆ ಅಂತ ಬರೆದಿದ್ದು, ರೇಟ್ ಹೇಳುವಾಗ ಯಾರೂ ಅದನ್ನ ತೆಗೆದು ನೋಡಲ್ಲ.

ಆಮೇಲೆ ಕಪ್ಲಾನ್, ಆಂಡರ್ಸನ್ 2004ರಲ್ಲಿ ಬರೆದ ಟೈಮ್ ಡ್ರಿವನ್ ವಿಧಾನಕ್ಕೆ ಬಂದೆ, ಎರಡೇ ಅಂಕಿ ಸಾಕು, ನಿಮಿಷಕ್ಕೆ ಖರ್ಚೆಷ್ಟು, ಕೆಲಸಕ್ಕೆ ನಿಮಿಷ ಎಷ್ಟು. ದಿನಕ್ಕೆ 480 ನಿಮಿಷ, ಬ್ರೇಕು, ಖಾಲಿ ಕೂತ ಟೈಮ್ ಕಳೆದು ಅದರ 80 ಪರ್ಸೆಂಟ್ ಹಿಡಿದೆ, 384.

ನಿಮಿಷ ಸಿಗೋದೇ ಕಷ್ಟ ಆಗಿದ್ದು. ಮಷಿನ್‌ಗೆ ದಾರ ಕಟ್ಟಿ ಒಂದು ನೋಟ್‌ಬುಕ್ ನೇತು ಹಾಕಿದ್ವಿ, ಮೊದಲ ವಾರ ಬರೀ 30, 30, 30, ಸಂಜೆ ಒಟ್ಟಿಗೆ ತುಂಬಿದ್ದು ಅಂತ ನೋಡಿದ್ರೇ ಗೊತ್ತಾಗ್ತಿತ್ತು. ಆಪರೇಟರ್ ಮೆಲ್ಲಗೆ ಕೇಳಿದ್ರು, "ಇದನ್ನ ನೋಡಿ ನಮ್ ಓಟಿ ಕಟ್ ಮಾಡ್ತಾರಾ ಸಾರ್?" ಅವರು ಕೇಳಿದ್ದು ಸರೀನೇ, ಹೆಸರಿನ ಕಾಲಂ ನಾನು ಇಡಲೇಬಾರ್ದಿತ್ತು. ಕಿತ್ತಾಕಿ ಜಾಬ್ ನಂಬರ್, ಶುರು, ಮುಗಿದಿದ್ದು, ಇಷ್ಟೇ ಉಳಿಸ್ದೆ. ಮುಂದಿನ ವಾರ 38, 44, 41 ಅಂತ ಬಂತು, ಪುಟದ ಮೂಲೇಲಿ ಇಂಕ್ ಹತ್ತಿದ ಹೆಬ್ಬೆಟ್ಟಿನ ಗುರುತು ಸಮೇತ. ತುಂಬಾ ಖುಷಿಯಾಯ್ತು.

ಪ್ಲೇಟ್ ಕಟ್ಟಿ ರಿಜಿಸ್ಟರ್ ಕೂರಿಸೋಕೆ (ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಬೀಳೋ ಹಾಗೆ ಹೊಂದಿಸೋಕೆ) 500 ಕಾಪಿಗೂ 40 ನಿಮಿಷ, 5000ಕ್ಕೂ 40. ಓಡ್ಸೋದು 6 ನಿಮಿಷ, 60 ನಿಮಿಷ. ಅಂದ್ರೆ ಸಣ್ಣ ಜಾಬ್‌ಗೆ ಒಟ್ಟು 46 ನಿಮಿಷ, ದೊಡ್ಡದಕ್ಕೆ 100, ಹತ್ತತ್ರ ಅರ್ಧ. ಹಳೇ ಲೆಕ್ಕದಲ್ಲಿ ಖರ್ಚನ್ನ ಕಾಪಿ ಮೇಲೆ ಹಂಚ್ತಿದ್ರು, ಸಣ್ಣ ಜಾಬ್ ಮೇಲೆ ಬೀಳ್ತಿದ್ದಿದ್ದು ದೊಡ್ಡದರ ಹತ್ತನೇ ಒಂದು ಭಾಗ ಅಷ್ಟೇ!

ಫ್ರೆಂಡ್ ಸುಮಾರು ಹೊತ್ತು ಸ್ಕ್ರೀನ್ ನೋಡ್ತಾ ಕೂತ. "ಸಣ್ಣ ಆರ್ಡರ್ ಕೊಡೋರೆಲ್ಲ ಹಳೇ ಪಾರ್ಟಿಗಳು ಕಣೋ, ರೇಟ್ ಹೆಂಗ್ ಏರ್ಸೋದು?" ಅಂದ. ಸದ್ಯಕ್ಕೆ ಹೊಸ ಕೊಟೇಶನ್‌ಗೆ ಮಾತ್ರ ಶೀಟ್ ಬಳಸೋಣ ಅಂತಾಯ್ತು. ಸೋಮವಾರ ಬೈಂಡಿಂಗ್ ಟೇಬಲ್‌ಗೂ ಒಂದು ನೋಟ್‌ಬುಕ್ ಕಟ್ತೀವಿ.