ಹೆಸರಿಡುವವರೆಗೆ ಕಾಯಬೇಡಿ

ಪೀಣ್ಯದಲ್ಲಿ ಬಿಡಿಭಾಗ ತಯಾರಿಸುವ ಒಂದು ಕಾರ್ಖಾನೆಯಲ್ಲಿ ನನ್ನದು ಎಚ್‌ಆರ್ ಕೆಲಸ. ಸುಮಾರು ಇನ್ನೂರು ಜನ ಇದ್ದೇವೆ. ಹಾಜರಿ, ಸಂಬಳ, ಪಿಎಫ್, ಕಡಿಮೆ ಸಂಬಳದವರಿಗೆ ಇರುವ ಸರ್ಕಾರಿ ಆರೋಗ್ಯ ವಿಮೆಯಾದ ಇಎಸ್‌ಐ, ಜೊತೆಗೆ ಇಎಸ್‌ಐನ ಸಂಬಳ ಮಿತಿ ದಾಟಿದವರಿಗೆ ಕಂಪನಿ ಒಟ್ಟಾಗಿ ಮಾಡಿಸುವ ಆರೋಗ್ಯ ವಿಮೆ, ಅಂದರೆ ಗ್ರೂಪ್ ಮೆಡಿಕ್ಲೈಮ್, ಎಲ್ಲ ನನ್ನ ಟೇಬಲ್ಲಿಗೇ ಬರುತ್ತದೆ. ಸಂಬಳದಲ್ಲಿ ತಪ್ಪಾದರೆ ಮುಂದಿನ ತಿಂಗಳು ಅರಿಯರ್ಸ್ ಕೊಟ್ಟು ಸರಿ ಮಾಡಬಹುದು. ಹಾಜರಿ ತಪ್ಪಿದ್ದರೆ ತಿದ್ದಬಹುದು. ಇನ್ಶೂರೆನ್ಸ್ ಪಟ್ಟಿಯಲ್ಲಿ ಒಂದು ಹೆಸರು ಬಿಟ್ಟುಹೋದರೆ ಮಾತ್ರ ಹಾಗೆ ತಿದ್ದಲು ಬರುವುದಿಲ್ಲ. ಇದನ್ನು ನಾನು ಕಲಿತದ್ದು ಒಂದು ಮಗುವಿನ ವಿಷಯದಲ್ಲಿ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಸಿಎನ್‌ಸಿ ಸೆಕ್ಷನ್ನಿನ ಹುಡುಗ, ಮದ್ದೂರು ಕಡೆಯವನು. ಒಂದು ಸೋಮವಾರ ಫಸ್ಟ್ ಶಿಫ್ಟ್ ಮುಗಿಸಿ ಕೈ ತೊಳೆದುಕೊಂಡು ನನ್ನ ಹತ್ತಿರ ಬಂದ. ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ಕಾಗದಗಳು. ಒಂದೊಂದೇ ತೆಗೆದು ಟೇಬಲ್ ಮೇಲೆ ಇಟ್ಟ. ಡಿಸ್ಚಾರ್ಜ್ ಸಮ್ಮರಿ, ಔಷಧಿ ಬಿಲ್ಲುಗಳು, ಅವುಗಳ ನಡುವೆ ಮಗುವಿನ ಕೈಗೆ ಕಟ್ಟಿದ್ದ ಸಣ್ಣ ಪಟ್ಟಿ. ಅದರ ಮೇಲೆ ‘ಬೇಬಿ ಆಫ್’ ಎಂದು ಬರೆದು ಮುಂದೆ ತಾಯಿಯ ಹೆಸರು. ಹೆರಿಗೆ ಆಗಿ ಮೂವತ್ತೆಂಟನೇ ದಿನಕ್ಕೆ ಮಗುವಿಗೆ ಜ್ವರ ಬಂದಿದೆ, ಹಾಲು ಕುಡಿಯುವುದು ನಿಲ್ಲಿಸಿದೆ, ಹೆಂಡತಿಯ ತವರಿನಿಂದ ಬೆಂಗಳೂರಿಗೆ ತಂದು ಆರು ದಿನ ಐಸಿಯುನಲ್ಲಿ ಇಟ್ಟಿದ್ದಾರೆ. ಮಗು ಹುಷಾರಾಗಿದೆ, ಬಿಲ್ಲು 92,000 ರೂಪಾಯಿ. ಹೆಂಡತಿಯ ಹೆರಿಗೆ ಬಿಲ್ಲು ಕ್ಯಾಶ್‌ಲೆಸ್‌ನಲ್ಲಿ ಆಗಿತ್ತಲ್ಲ, ಇದೂ ಹಾಗೇ ಆಗುತ್ತದೆ ಅಂದುಕೊಂಡಿದ್ದ. ಆಸ್ಪತ್ರೆಯವರು ಕಾರ್ಡ್ ನಂಬರ್ ಹಾಕಿ ನೋಡಿದಾಗ ಮಗುವಿನ ಹೆಸರೇ ಇಲ್ಲ.

ಮಗು ಹುಟ್ಟಿದ್ದನ್ನು ಯಾಕೆ ತಿಳಿಸಲಿಲ್ಲ ಎಂದು ಕೇಳಿದೆ.

‘ಹೆಸರಿಟ್ಟ ಮೇಲೆ ಫಾರ್ಮ್ ಕೊಡೋಣ ಅಂತಿದ್ದೆ ಮೇಡಂ. ಮೂರನೇ ತಿಂಗಳಿಗೆ ನಾಮಕರಣ ಇಟ್ಕೊಂಡಿದ್ವಿ. ಹೆಸರಿನ ಜಾಗ ಖಾಲಿ ಬಿಟ್ಟು ಹೆಂಗೆ ಕೊಡೋದು?’

ಅವನು ಹೇಳಿದ್ದರಲ್ಲಿ ಏನೂ ತಪ್ಪಿರಲಿಲ್ಲ. ಫಾರ್ಮಿನ ಮೊದಲನೇ ಕಾಲಂ ‘ಹೆಸರು’ ಅಂತಲೇ ಇದೆ. ಹೆಂಡತಿ ಬಾಣಂತನಕ್ಕೆ ತವರಿನಲ್ಲಿ, ಇವನು ವಾರಕ್ಕೊಮ್ಮೆ ಹೋಗಿ ಬರುತ್ತಿದ್ದ. ನಾನು ವರ್ಷದ ಶುರುವಿನಲ್ಲಿ ಎಲ್ಲರಿಗೂ ಒಂದು ಮೇಲ್ ಕಳಿಸಿದ್ದೆ, ಇಂಗ್ಲಿಷಿನಲ್ಲಿ, ಪಾಲಿಸಿಯ ಮೂವತ್ತೆರಡು ಪುಟ ಲಗತ್ತಿಸಿ. ಮಷಿನ್ ಮೇಲೆ ನಿಲ್ಲುವವರಲ್ಲಿ ಮುಕ್ಕಾಲು ಪಾಲು ಜನಕ್ಕೆ ಕಂಪನಿಯ ಮೇಲ್ ಐಡಿಯೇ ಇಲ್ಲ. ನೋಟಿಸ್ ಬೋರ್ಡಿನಲ್ಲಿ ಅದರ ಒಂದು ಪ್ರತಿ ಹಾಕಿದ್ದೆ. ಅಷ್ಟಕ್ಕೆ ನನ್ನ ಕೆಲಸ ಮುಗಿಯಿತು ಅಂದುಕೊಂಡಿದ್ದು ನನ್ನ ತಪ್ಪು.

ನಮ್ಮ ಪಾಲಿಸಿಯಲ್ಲಿ ಮಗುವಿಗೆ ಹುಟ್ಟಿದ ದಿನದಿಂದಲೇ ರಕ್ಷಣೆ ಇದೆ. ಆದರೆ ಹುಟ್ಟಿದ ಮೂವತ್ತು ದಿನದೊಳಗೆ ತಿಳಿಸಬೇಕು. ತಿಳಿಸಿದರೆ ಮೊದಲ ದಿನದಿಂದ ಲೆಕ್ಕ, ಇಲ್ಲದಿದ್ದರೆ ಮುಂದಿನ ರಿನ್ಯೂವಲ್‌ವರೆಗೆ ಮಗು ಪಟ್ಟಿಯ ಹೊರಗೆ. ನಾವು ಬ್ರೋಕರ್ ಮೂಲಕ ಇನ್ಶೂರೆನ್ಸ್‌ನವರಿಗೆ ಎರಡು ಸಲ ಬರೆದೆವು, ಒಮ್ಮೆ ನಾನೇ ಹೋಗಿ ಕೂತು ಮಾತಾಡಿದೆ. ಆಗಲಿಲ್ಲ. ಕೊನೆಗೆ ಅರ್ಧ ದುಡ್ಡನ್ನು ಕಂಪನಿ ಕೊಟ್ಟಿತು, ಉಳಿದರ್ಧ ಅಡ್ವಾನ್ಸ್ ಆಗಿ ಅವನ ಸಂಬಳದಲ್ಲಿ ತಿಂಗಳು ತಿಂಗಳು ಹಿಡಿದೆವು. ಆ ಕಡಿತವನ್ನು ಸಂಬಳದ ಶೀಟಿನಲ್ಲಿ ನಾನೇ ಹಾಕಬೇಕಾಗಿತ್ತು. ಪ್ರತಿ ತಿಂಗಳೂ ಆ ಸಾಲು ಬಂದಾಗ ಬೇಜಾರಾಗುತ್ತಿತ್ತು.

ಅಸಲಿಗೆ ಫಾರ್ಮಿಗೆ ಮಗುವಿನ ಹೆಸರು ಬೇಕಾಗಿಯೇ ಇಲ್ಲ. ‘ಬೇಬಿ ಆಫ್’ ಎಂದು ತಾಯಿಯ ಹೆಸರು, ಹುಟ್ಟಿದ ದಿನಾಂಕ, ಗಂಡೋ ಹೆಣ್ಣೋ, ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿ, ಇಷ್ಟಿದ್ದರೆ ನಮ್ಮಲ್ಲಿ ಸೇರಿಸುತ್ತಾರೆ. ಜನನ ಪ್ರಮಾಣಪತ್ರವನ್ನೂ ಹೆಸರಿಲ್ಲದೆ ಮಾಡಿಸಬಹುದು, ಹೆಸರನ್ನು ಆಮೇಲೆ ಸೇರಿಸಬಹುದು. ನಾಮಕರಣ ಆದಮೇಲೆ ಹೆಸರು ತಿದ್ದಲು ಒಂದು ಎಂಡಾರ್ಸ್‌ಮೆಂಟ್, ಅಂದರೆ ಪಾಲಿಸಿಯಲ್ಲಿ ಒಂದು ತಿದ್ದುಪಡಿ ಸಾಕು. ಈಗ ನಾನು ಯಾರ ಮನೆಯಲ್ಲಿ ಹೆರಿಗೆ ಇದೆ ಎಂದು ಸೂಪರ್‌ವೈಸರ್‌ಗಳನ್ನು ಕೇಳಿ ತಿಳಿದುಕೊಳ್ಳುತ್ತೇನೆ. ಹೋಗಿ ಹೇಳುವುದು ಒಂದೇ ಮಾತು: ಮಗು ಹುಟ್ಟಿದ ದಿನ ಸಿಹಿ ಹಂಚುವ ಮೊದಲು ಆ ಕೈಪಟ್ಟಿಯ ಫೋಟೋ ತೆಗೆದು ನನಗೆ ವಾಟ್ಸಾಪ್ ಮಾಡಿ. ರಾತ್ರಿ ಎರಡು ಗಂಟೆಗೆ ಬಂದರೂ ಪರವಾಗಿಲ್ಲ, ಹಾಗೆ ಬಂದಿವೆ ಕೂಡ.

ಈ ಮೂವತ್ತು ದಿನದ ಕಟ್ಟುನಿಟ್ಟು ಯಾಕೆ ಅಂತ ಜನ ಕೇಳುತ್ತಾರೆ. ಸುಮ್ನೆ ಸತಾಯಿಸಲು ಮಾಡಿದ ನಿಯಮ ಅಂತ ಮೊದಲು ನನಗೂ ಅನಿಸಿತ್ತು. ನಾವೇ ಹೋಗಿ ಸ್ವಂತಕ್ಕೆ ಒಂದು ಪಾಲಿಸಿ ಮಾಡಿಸಿದರೆ ವಯಸ್ಸಾದವರಿಗೆ ತಪಾಸಣೆ ಕೇಳುತ್ತಾರೆ, ಮೊದಲೇ ಇದ್ದ ಬಿಪಿ, ಸಕ್ಕರೆ ಕಾಯಿಲೆಗೆ ಕಾಯುವ ಅವಧಿ ಇಡುತ್ತಾರೆ. ಈ ಅವಧಿ ಹಿಂದೆ ನಾಲ್ಕು ವರ್ಷದವರೆಗೂ ಇರಬಹುದಿತ್ತು, 2024ರ ಏಪ್ರಿಲ್‌ನಿಂದ ಗರಿಷ್ಠ ಮೂರು ವರ್ಷಕ್ಕೆ ಇಳಿಸಿದ್ದಾರೆ. ಗ್ರೂಪ್ ಪಾಲಿಸಿಯಲ್ಲಿ ಸಾಮಾನ್ಯವಾಗಿ ಇದ್ಯಾವುದೂ ಇಲ್ಲ, ಇವತ್ತು ಸೇರಿಸಿದ ತಾಯಿಗೆ ನಾಳೆ ಹೃದಯದ ಆಪರೇಷನ್ ಆದರೂ ಕೊಡುತ್ತಾರೆ. ಅದಕ್ಕೆ ಬದಲಾಗಿ ಅವರು ಕೇಳುವುದು ಏನೆಂದರೆ, ಎಲ್ಲರೂ ಒಂದೇ ದಿನ ಸೇರಬೇಕು, ಇಲ್ಲವೇ ಮದುವೆ, ಹೆರಿಗೆ, ಹೊಸ ಕೆಲಸ ಇಂಥ ಕಾರಣ ಇದ್ದಾಗ ಕೂಡಲೇ ಸೇರಬೇಕು. ಕಾಯಿಲೆ ಬಂದ ಮೇಲೆ ಸೇರಬಹುದು ಅಂತಾದರೆ ಮೊದಲೇ ದುಡ್ಡು ಕಟ್ಟುವವರು ಯಾರು? ಹೀಗೆ ಬಿಡಿಸಿ ಹೇಳಿದ ಮೇಲೆ ನಮ್ಮ ಜನ ಗೊಣಗುವುದು ಕಡಿಮೆಯಾಯಿತು, ಫಾರ್ಮ್ ಬೇಗ ಬರತೊಡಗಿತು.

ಮದುವೆಯದ್ದೂ ಇದೇ ಕತೆ, ಮದುವೆಯಾದ ಮೂವತ್ತು ದಿನದೊಳಗೆ ಹೆಂಡತಿಯನ್ನೋ ಗಂಡನನ್ನೋ ಸೇರಿಸಬೇಕು. ನಮ್ಮ ಕಡೆ ಜ್ಯೇಷ್ಠದಲ್ಲಿ ಮದುವೆಯಾಗಿ ಆಷಾಢಕ್ಕೆ ಹುಡುಗಿ ತವರಿಗೆ ಹೋಗುತ್ತಾಳೆ, ಆಧಾರ್ ಅವಳ ಹತ್ತಿರ, ಫಾರ್ಮ್ ಇವನ ಹತ್ತಿರ, ಶ್ರಾವಣಕ್ಕೆ ಬಂದ ಮೇಲೆ ಮಾಡೋಣ ಅನ್ನುವಷ್ಟರಲ್ಲಿ ದಿನ ಕಳೆದಿರುತ್ತದೆ. ಈಗ ಮದುವೆ ರಜೆಯ ಅರ್ಜಿಗೇ ಈ ಫಾರ್ಮ್ ಪಿನ್ ಮಾಡಿ ಕೊಡುತ್ತೇನೆ.

ಅಪ್ಪ ಅಮ್ಮನ ವಿಷಯ ಸ್ವಲ್ಪ ಕಷ್ಟದ್ದು. ಅವರನ್ನು ವರ್ಷದ ನಡುವೆ ಸೇರಿಸಲು ಆಗುವುದೇ ಇಲ್ಲ, ರಿನ್ಯೂವಲ್ ಸಮಯದಲ್ಲಿ ಅಥವಾ ಉದ್ಯೋಗಿ ಹೊಸದಾಗಿ ಪಾಲಿಸಿಗೆ ಸೇರಿದಾಗ ಮಾತ್ರ. ನಮ್ಮ ಪಾಲಿಸಿಯಲ್ಲಿ ವಯಸ್ಸಿನ ಮಿತಿ 80. ಒಬ್ಬರ ತಂದೆಗೆ ಆಧಾರ್ ಪ್ರಕಾರ 81, ನಿಜಕ್ಕೆ ಎಪ್ಪತ್ತೈದರ ಆಸುಪಾಸು. ಹಳ್ಳಿಗಳಲ್ಲಿ ಆಧಾರ್ ಮಾಡಿಸುವಾಗ ಜನವರಿ ಒಂದು ಅಂತ ಹಾಕಿ ಯಾವುದೋ ವರ್ಷ ಬರೆದು ಮುಗಿಸಿದ್ದು ಎಷ್ಟು ಮನೆಗಳಲ್ಲಿ ಇಲ್ಲ ಹೇಳಿ. ಹುಟ್ಟಿದ ದಿನಾಂಕವನ್ನು ಆಧಾರ್‌ನಲ್ಲಿ ಒಂದೇ ಸಲ ತಿದ್ದಲು ಬಿಡುತ್ತಾರೆ, ಅದಕ್ಕೂ ದಾಖಲೆ ಬೇಕು. ಹಾಗಾಗಿ ಏಪ್ರಿಲ್ ರಿನ್ಯೂವಲ್‌ಗೆ ಮೊದಲು, ಜನವರಿಯಲ್ಲೇ ಎಲ್ಲರಿಗೂ ಹೇಳಿಬಿಡುತ್ತೇನೆ, ಮನೆಯ ಹಿರಿಯರ ಆಧಾರ್ ತೆಗೆದು ಹೆಸರು, ವರ್ಷ ನೋಡಿಕೊಳ್ಳಿ ಎಂದು. ಇನಿಷಿಯಲ್ ಕೂಡ ಆಧಾರ್‌ನಲ್ಲಿ ಹೇಗಿದೆಯೋ ಹಾಗೇ ಇರಲಿ, ಇಲ್ಲದಿದ್ದರೆ ಆಸ್ಪತ್ರೆಯ ಕೌಂಟರಿನಲ್ಲಿ ನಿಂತು ಇವರೇ ಅವರು ಅಂತ ಸಾಬೀತು ಮಾಡಬೇಕಾಗುತ್ತದೆ.

ಇನ್ನೊಂದು ನಿಯಮ ನನ್ನನ್ನು ತುಂಬಾ ಕಾಡಿತು. ಅಪ್ಪ ಅಮ್ಮ ಅಥವಾ ಅತ್ತೆ ಮಾವ, ಯಾವುದಾದರೂ ಒಂದು ಜೋಡಿ. ಈ ಕಡೆಯಿಂದ ಒಬ್ಬರು ಆ ಕಡೆಯಿಂದ ಒಬ್ಬರು ಅಂತ ಮಾಡುವ ಹಾಗಿಲ್ಲ. ನಮ್ಮ ಅಕೌಂಟ್ಸಿನಲ್ಲಿ ಒಬ್ಬರಿದ್ದಾರೆ, ಅವರ ತಂದೆ ಇಲ್ಲ, ಗಂಡನ ತಂದೆಯೂ ಇಲ್ಲ. ಅಮ್ಮ ಮತ್ತು ಅತ್ತೆ ಇಬ್ಬರೂ ಇವರ ಮನೆಯಲ್ಲೇ, ಒಂದೇ ಅಡುಗೆ, ಇಬ್ಬರಿಗೂ ಸಕ್ಕರೆ ಕಾಯಿಲೆ. ಫಾರ್ಮ್ ಕೈಯಲ್ಲಿ ಹಿಡಿದು ‘ಇಬ್ಬರಲ್ಲಿ ಯಾರ ಹೆಸರು ಬರೀಲಿ ಹೇಳಿ’ ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ವರ್ಷ ಅವರು ಅತ್ತೆಯ ಹೆಸರು ಬರೆದರು, ಅಮ್ಮನಿಗೆ ಬ್ಯಾಂಕಿನಲ್ಲಿ ಸ್ವಲ್ಪ ದುಡ್ಡು ಬೇರೆ ಎತ್ತಿಟ್ಟರು.

ನಾನು ಪಾಲಿಸಿ ಕಾಗದ ಮತ್ತೆ ಮತ್ತೆ ಓದಿದೆ, ಬ್ರೋಕರ್‌ನ ಕೇಳಿದೆ. ಈ ಜೋಡಿ ನಿಯಮ ಸರ್ಕಾರದ ಕಾನೂನೇನೂ ಆಗಿರಲಿಲ್ಲ. ಯಾರನ್ನು ಸೇರಿಸಬೇಕು, ಎಷ್ಟು ವಯಸ್ಸಿನವರೆಗೆ, ಎಷ್ಟು ದಿನದೊಳಗೆ ಅನ್ನುವುದೆಲ್ಲ ಕಂಪನಿ ಮತ್ತು ಇನ್ಶೂರೆನ್ಸ್‌ನವರು ಕೂತು ಒಪ್ಪಿಕೊಂಡ ಷರತ್ತು, ವರ್ಷಕ್ಕೊಮ್ಮೆ ಅದನ್ನು ಬದಲಾಯಿಸಲು ಕೇಳಬಹುದು. ಹಿಂದಿನ ವರ್ಷಗಳಲ್ಲಿ ನಾವು ಕೇಳಿಯೇ ಇರಲಿಲ್ಲ, ಬರೀ ಪ್ರೀಮಿಯಂ ಎಷ್ಟು ಇಳಿಸುತ್ತೀರಿ ಅಂತ ಚೌಕಾಶಿ ಮಾಡಿ ಸಹಿ ಹಾಕುತ್ತಿದ್ದೆವು. ಮುಂದಿನ ರಿನ್ಯೂವಲ್‌ಗೆ ಎರಡು ತಿಂಗಳು ಮೊದಲೇ ಕೂತು, ಇಬ್ಬರು ಹಿರಿಯರು ಯಾವ ಕಡೆಯವರಾದರೂ ಆಗಲಿ ಎಂದು ಕೇಳಿದೆವು. ಪ್ರೀಮಿಯಂ ಸ್ವಲ್ಪ ಜಾಸ್ತಿ ಆಯಿತು, ಒಪ್ಪಿದರು. ಅಮ್ಮ, ಅತ್ತೆ ಇಬ್ಬರ ಕಾರ್ಡನ್ನೂ ಪ್ರಿಂಟ್ ಹಾಕಿ ಅವರ ಕೈಗೆ ಕೊಟ್ಟ ದಿನ ನನಗೆ ನಿಜವಾಗಿ ಸಂತೋಷವಾಯಿತು. ನೀವು ಇದೇ ಕೆಲಸದಲ್ಲಿದ್ದರೆ ದಯವಿಟ್ಟು ಕೇಳಿ ನೋಡಿ. ಎಲ್ಲ ಕಡೆ ಆಗುತ್ತದೆ ಅಂತಲ್ಲ, ಕೇಳದಿದ್ದರೆ ಎಲ್ಲೂ ಆಗುವುದಿಲ್ಲ. ಹಿರಿಯರ ಪ್ರೀಮಿಯಂ ಉದ್ಯೋಗಿಯೇ ಕಟ್ಟುವುದಾದರೆ ಹೊರಗಿನ ಪಾಲಿಸಿಯ ಜೊತೆ ಹೋಲಿಸಿ ನೋಡಲು ಹೇಳಿ. 2025ರ ಸೆಪ್ಟೆಂಬರ್ 22ರಿಂದ ಸ್ವಂತ ಆರೋಗ್ಯ ಪಾಲಿಸಿಗಳ ಮೇಲೆ ಜಿಎಸ್‌ಟಿ ತೆಗೆದಿದ್ದಾರೆ, ಗ್ರೂಪ್ ಪಾಲಿಸಿಗೆ 18% ಹಾಗೇ ಇದೆ. ಆದರೂ ಕಾಯಿಲೆ ಇರುವ ಹಿರಿಯರಿಗೆ ಕಾಯುವ ಅವಧಿ ಇಲ್ಲದಿರುವುದು ದೊಡ್ಡ ವಿಷಯ.

ಸಿ.ಡಿ. (ಕ್ಯಾಶ್ ಡೆಪಾಸಿಟ್) ಬ್ಯಾಲೆನ್ಸ್ ಬಗ್ಗೆಯೂ ಒಂದು ಮಾತು. ನಡುವೆ ಸೇರುವವರ ಪ್ರೀಮಿಯಂ ಹಿಡಿದುಕೊಳ್ಳಲು ಇನ್ಶೂರೆನ್ಸ್‌ನವರ ಹತ್ತಿರ ಕಂಪನಿ ಮೊದಲೇ ಇಟ್ಟ ದುಡ್ಡು ಅದು. 1938ರ ವಿಮಾ ಕಾಯ್ದೆಯ 64ವಿಬಿ ಕಲಂ ಪ್ರಕಾರ ಪ್ರೀಮಿಯಂ ಮುಂಚೆಯೇ ಬರದೆ ಹೊಣೆ ಶುರುವಾಗುವುದಿಲ್ಲ. ಫಾರ್ಮ್ ಸರಿಯಾಗಿ ಬಂದಿರುತ್ತದೆ, ನಾವು ಕಳಿಸಿರುತ್ತೇವೆ, ಆದರೆ ಆ ಖಾತೆಯಲ್ಲಿ ದುಡ್ಡು ಮುಗಿದಿರುತ್ತದೆ. ಪ್ರತಿ ತಿಂಗಳು ಒಂದನೇ ತಾರೀಕು ನಾನು ಅದನ್ನು ನೋಡುತ್ತೇನೆ. ಕೆಲಸ ಬಿಡುವವರಿಗೂ ಹೇಳುತ್ತೇನೆ: ಕೊನೆಯ ಕೆಲಸದ ದಿನಕ್ಕೆ ನಿಮ್ಮ ಮತ್ತು ಮನೆಯವರ ಕಾರ್ಡ್ ನಿಲ್ಲುತ್ತದೆ. ಅದೇ ಇನ್ಶೂರೆನ್ಸ್‌ನವರ ಸ್ವಂತ ಪಾಲಿಸಿಗೆ ಹೋಗುವ ದಾರಿ ಇದೆ, ಅದನ್ನು ಬಿಡುವ ಮೊದಲೇ ವಿಚಾರಿಸಿ.

ಇನ್ನು ಇಎಸ್‌ಐ. ತಿಂಗಳ ಸಂಬಳ 21,000 ರೂಪಾಯಿವರೆಗೆ ಇರುವವರಿಗೆ ಇಎಸ್‌ಐ, 2017ರಲ್ಲಿ 15,000ದಿಂದ ಏರಿಸಿದ ಮಿತಿ ಇದು. ಉದ್ಯೋಗಿಯ ಪಾಲು 0.75%, ಕಂಪನಿಯ ಪಾಲು 3.25%. ನಮ್ಮ ಪ್ಯಾಕಿಂಗ್ ಸೆಕ್ಷನ್ನಿನ ಒಬ್ಬರು ಆಗಸ್ಟ್ ತಿಂಗಳಲ್ಲಿ ಇನ್‌ಕ್ರಿಮೆಂಟ್ ಲೆಟರ್ ವಾಪಸ್ ತಂದು ಇಟ್ಟರು. 20,600 ಇದ್ದದ್ದು 21,900 ಆಗಿತ್ತು.

‘ಇದು ಬೇಡ ಮೇಡಂ. ನಮ್ಮಮ್ಮಂಗೆ ರಾಜಾಜಿನಗರ ಇಎಸ್‌ಐನಲ್ಲಿ ಡಯಾಲಿಸಿಸ್ ನಡೀತಿದೆ. ಇದು ತಗೊಂಡ್ರೆ ನಾಳೆಯಿಂದ ನಿಂತೋಗುತ್ತೆ ಅಂತ ಎಲ್ರೂ ಹೇಳ್ತಿದ್ದಾರೆ.’

ಹದಿಮೂರು ನೂರು ರೂಪಾಯಿ ಅವರಿಗೆ ಸಣ್ಣ ದುಡ್ಡಲ್ಲ. ಮಗಳ ಸ್ಕೂಲ್ ಫೀಸಿಗೆ ಆಗುತ್ತದೆ ಅಂತ ಅವರೇ ಹಿಂದಿನ ವಾರ ಹೇಳಿದ್ದರು. ಹಾಜರಿ ಹಾಳೆಯ ಹಿಂಬದಿಯಲ್ಲಿ ಗೆರೆ ಎಳೆದು ಇಬ್ಬರೂ ಲೆಕ್ಕ ಹಾಕಿದೆವು. ಇಎಸ್‌ಐನಲ್ಲಿ ದುಡ್ಡು ಕಟ್ಟುವ ಅವಧಿ ಎರಡು, ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಅವಧಿಯ ನಡುವೆ ಸಂಬಳ ಮಿತಿ ದಾಟಿದರೂ ಅದು ಮುಗಿಯುವವರೆಗೆ ಕಟ್ಟುವುದು ನಿಲ್ಲುವುದಿಲ್ಲ. ಹಿಂದಿನ ಅವಧಿಗೆ ಕಟ್ಟಿದ್ದರಿಂದ ಡಿಸೆಂಬರ್‌ವರೆಗೆ ಸೌಲಭ್ಯ ಸಿಗುತ್ತದೆ, ಈ ಸೆಪ್ಟೆಂಬರ್‌ವರೆಗೆ ಕಟ್ಟುವುದರಿಂದ ಮುಂದಿನ ಜನವರಿಯಿಂದ ಜೂನ್ 30ರವರೆಗೆ. ಅಂದರೆ ನಾಳೆ ನಿಲ್ಲುವ ಮಾತೇ ಇಲ್ಲ, ಹತ್ತು ತಿಂಗಳು ಕೈಯಲ್ಲಿದೆ. ಅಂದಹಾಗೆ ಓವರ್‌ಟೈಮ್ ದುಡ್ಡನ್ನು ಈ ಮಿತಿಗೆ ಸೇರಿಸುವುದಿಲ್ಲ. ಅದೇ ಭಯಕ್ಕೆ ಓಟಿ ಬೇಡ ಅನ್ನುವವರೂ ನಮ್ಮಲ್ಲಿದ್ದರು.

ನಮ್ಮ ಗ್ರೂಪ್ ಪಾಲಿಸಿಯಲ್ಲಿ ಮೊತ್ತ ಮೂರು ಲಕ್ಷ, ವಾರಕ್ಕೆ ಮೂರು ಡಯಾಲಿಸಿಸ್ ಆದರೆ ಅದು ಬೇಗ ಕರಗುತ್ತದೆ. ಇಎಸ್‌ಐನಲ್ಲಿ ಚಿಕಿತ್ಸೆಗೆ ಇಷ್ಟೇ ಎಂಬ ಮೊತ್ತದ ಮಿತಿ ಇಲ್ಲ. ಅದಕ್ಕೇ ಹೀಗೆ ಮಾಡಿದೆವು: ಅಕ್ಟೋಬರ್ ಒಂದಕ್ಕೆ ಅವರು, ಹೆಂಡತಿ, ಮಗಳು ಕಂಪನಿಯ ಖರ್ಚಿನಲ್ಲಿ ಗ್ರೂಪ್ ಪಾಲಿಸಿಗೆ. ಅಮ್ಮನನ್ನು ಆಗಲೇ ಸೇರಿಸಿ ಅರ್ಧ ವರ್ಷದ ಪ್ರೀಮಿಯಂ ಕಟ್ಟುವುದು ಬೇಡ, ಏಪ್ರಿಲ್ ರಿನ್ಯೂವಲ್‌ಗೆ ಸೇರಿಸೋಣ, ಜೂನ್‌ವರೆಗೆ ಇಎಸ್‌ಐಗೇ ಹೋಗಲಿ. ಆ ಹಾಳೆಯನ್ನು ಮಡಚಿ ಅವರು ಜೇಬಿನಲ್ಲಿ ಇಟ್ಟುಕೊಂಡರು, ಇನ್‌ಕ್ರಿಮೆಂಟ್ ಲೆಟರ್‌ಗೆ ಸಹಿ ಹಾಕಿದರು.

ಮಾರ್ಚ್ ಎರಡನೇ ವಾರ ನಾನು ನೆನಪು ಮಾಡುವ ಮೊದಲೇ ಅಮ್ಮನ ಆಧಾರ್ ಜೆರಾಕ್ಸ್ ತಂದುಕೊಟ್ಟರು. ಆ ಹಾಜರಿ ಹಾಳೆ ಅದರ ಜೊತೆಗೇ ಇತ್ತು, ಮಡಿಕೆಯ ಹತ್ತಿರ ಹರಿದಿದ್ದ ಕಡೆ ಸೆಲ್ಲೋಟೇಪ್ ಅಂಟಿಸಿದ್ದರು.