ಬಳಕೆ ವರದಿ ಸ್ಕ್ರಿಪ್ಟ್: ಸೊನ್ನೆಗೂ ಖಾಲಿಗೂ ಇರುವ ಅಂತರ

ಮೈಸೂರಿನ ನಮ್ಮ ಕಾಲೇಜು ಗ್ರಂಥಾಲಯದ ಇ-ಜರ್ನಲ್‌ಗಳ ಬಳಕೆ ವರದಿ ತರುವ ಸ್ಕ್ರಿಪ್ಟ್ ಈ ವಾರ ಒಂದು ಹದಕ್ಕೆ ಬಂದಿದೆ. ಹಿಂದೆ ಒಬ್ಬೊಬ್ಬ ಪ್ರಕಾಶಕರ ಜಾಲತಾಣಕ್ಕೂ ಲಾಗಿನ್ ಆಗಿ, ಎಕ್ಸೆಲ್ ಕಡತ ಇಳಿಸಿಕೊಂಡು ಜೋಡಿಸಬೇಕಿತ್ತು. ಈಗ ಟರ್ಮಿನಲ್‌ನಲ್ಲಿ ಒಂದು ಸಾಲು ಸಾಕು.

ಆನ್‌ಲೈನ್ ಬಳಕೆಯನ್ನು ಎಣಿಸುವ ಅಂತರರಾಷ್ಟ್ರೀಯ ನಿಯಮಾವಳಿಯಾದ ಕೌಂಟರ್ ಸಂಹಿತೆಯನ್ನು ಒಪ್ಪಿದ ಪ್ರಕಾಶಕರೆಲ್ಲ ಬಳಕೆಯನ್ನು ಒಂದೇ ಬಗೆಯಲ್ಲಿ ಎಣಿಸಬೇಕು. ನೆಟ್ ನಿಧಾನವೆಂದು ವಿದ್ಯಾರ್ಥಿ ಒಂದೇ ಪಿಡಿಎಫ್ ಕೊಂಡಿಯನ್ನು 30 ಸೆಕೆಂಡಿನೊಳಗೆ ಎರಡು ಸಲ ಒತ್ತಿದರೂ ಲೆಕ್ಕಕ್ಕೆ ಒಂದೇ. ಈ ಲೆಕ್ಕ ಸುಶಿ ಎಂಬ ಎಪಿಐ (ಒಂದು ಪ್ರೋಗ್ರಾಂ ಇನ್ನೊಂದರಿಂದ ಮಾಹಿತಿ ಕೇಳುವ ದಾರಿ) ಮೂಲಕ ಸಿಗುತ್ತದೆ. ಕಸ್ಟಮರ್ ಐಡಿ, ರಿಕ್ವೆಸ್ಟರ್ ಐಡಿ, ಕೆಲವೆಡೆ ಎಪಿಐ ಕೀ, ಬೇಕಾದ ತಿಂಗಳುಗಳು, ಇಷ್ಟನ್ನು ಸೇರಿಸಿ ಜಾಲದಿಂದ ಮಾಹಿತಿ ತರುವ ಕರ್ಲ್ ಎಂಬ ಸಾಧನದಲ್ಲಿ ಕೇಳಿದರೆ ಜೇಸನ್ ಎಂಬ ಪಠ್ಯರೂಪದ ದತ್ತಾಂಶ ಬರುತ್ತದೆ. ಜೆಕ್ಯೂ ಎಂಬ ಇನ್ನೊಂದು ಸಾಧನ ಅದನ್ನು ಸೋಸಿ ಸಿಎಸ್‌ವಿ (ಎಕ್ಸೆಲ್‌ನಲ್ಲಿ ತೆರೆಯಬಲ್ಲ ಪಟ್ಟಿ) ಮಾಡಿಕೊಡುತ್ತದೆ.

ತಲೆ ತಿಂದದ್ದು ಸೊನ್ನೆ. ಮೊದಲ ಪಟ್ಟಿಯನ್ನು ನೋಡಿದ ಗ್ರಂಥಪಾಲಕಿ ಮೇಡಂ, “ಇದನ್ನು ಯಾರೂ ಓದಿಲ್ಲವೋ, ಲೆಕ್ಕವೇ ಬಂದಿಲ್ಲವೋ? ಚಂದಾ ನವೀಕರಣದ ಸಭೆಯಲ್ಲಿ ನಾನೇನು ಹೇಳಲಿ ಹೇಳಿ” ಎಂದರು. ನ್ಯಾಯವಾದ ಪ್ರಶ್ನೆ. ಸರ್ವರ್ 200 (ಕೋರಿಕೆ ಯಶಸ್ವಿ) ಎಂದು ಉತ್ತರಿಸಿದ ಮಾತ್ರಕ್ಕೆ ಲೆಕ್ಕ ಕೈಗೆ ಬಂತೆಂದಲ್ಲ. ವರದಿಯ ಶಿರೋಭಾಗದಲ್ಲಿ ಒಂದು ಸಂಕೇತ ಸಂಖ್ಯೆ ಸದ್ದಿಲ್ಲದೆ ಕುಳಿತಿರುತ್ತದೆ. 3030 ಇದ್ದರೆ ಆ ಅವಧಿಯಲ್ಲಿ ಬಳಕೆಯೇ ಇಲ್ಲ. ದಸರಾ ರಜೆಯ ತಿಂಗಳಲ್ಲಿ ಸಣ್ಣಪುಟ್ಟ ಡೇಟಾಬೇಸ್‌ಗೆ ಹೀಗಾದರೆ ಅಚ್ಚರಿಯಿಲ್ಲ. 3031 ಎಂದರೆ ಲೆಕ್ಕ ಇನ್ನೂ ಸಿದ್ಧವಾಗಿಲ್ಲ. 3040 ಎಂದರೆ ಬಂದದ್ದು ಅರೆಬರೆ. ಈಗ ಸ್ಕ್ರಿಪ್ಟ್ 3030ಕ್ಕೆ ಮಾತ್ರ 0 ಬರೆಯುತ್ತದೆ. ಉಳಿದ ಎರಡಕ್ಕೆ ಖಾನೆಯನ್ನು ಖಾಲಿ ಬಿಟ್ಟು ಪಕ್ಕದಲ್ಲಿ “ಬಾಕಿ” ಎಂದು ಗುರುತು ಹಾಕುತ್ತದೆ, ಮುಂದಿನ ಸಲ ಬಾಕಿಯನ್ನಷ್ಟೇ ಕೇಳುತ್ತದೆ. ತಿಂಗಳು ಮುಗಿದ ನಾಲ್ಕು ವಾರದೊಳಗೆ ಲೆಕ್ಕ ಕೊಡಬೇಕೆಂಬುದು ನಿಯಮ. ಆದ್ದರಿಂದ ಒಂದನೇ ತಾರೀಖಿನಂದು ಕೇಳಿ ಪ್ರಯೋಜನವಿಲ್ಲ. ನಿಗದಿತ ದಿನ ಸ್ಕ್ರಿಪ್ಟನ್ನು ತಾನೇ ಓಡಿಸುವ ಕ್ರಾನ್ ಅನ್ನು 28ಕ್ಕೆ ಇಟ್ಟಿದ್ದೇನೆ.

ಇದಕ್ಕಿಂತ ಕಿಲಾಡಿ ಸೊನ್ನೆ ಇನ್ನೊಂದಿದೆ. ಯಾರೂ ಮುಟ್ಟದ ಜರ್ನಲ್‌ನ ಹೆಸರೇ ವರದಿಯಲ್ಲಿ ಬರುವುದಿಲ್ಲ. ದುಡ್ಡು ತೆತ್ತು ತರಿಸಿ ಯಾರೂ ಓದದ ಜರ್ನಲ್ ಯಾವುದೆಂದು ತಿಳಿಯಲು ವರದಿಯನ್ನು ಎಷ್ಟು ತಿರುವಿದರೂ ಆಗದು. ಅದು ಇಲ್ಲದಿರುವುದರಲ್ಲೇ ಸುದ್ದಿ. ಹಾಗಾಗಿ ನಮ್ಮ ಚಂದಾ ಪಟ್ಟಿಯನ್ನು ಐಎಸ್‌ಎಸ್‌ಎನ್ (ಜರ್ನಲ್‌ನ ಗುರುತಿನ ಸಂಖ್ಯೆ) ಆಧಾರದಲ್ಲಿ ವರದಿಯೊಂದಿಗೆ ತಾಳೆ ಹಾಕುತ್ತಿದ್ದೇನೆ. ಮುದ್ರಿತ ಆವೃತ್ತಿಗೊಂದು, ಆನ್‌ಲೈನ್ ಆವೃತ್ತಿಗೊಂದು ಸಂಖ್ಯೆ ಇರುವುದರಿಂದ ಎರಡನ್ನೂ ನೋಡಲೇಬೇಕು. ಸಭೆಗೆ ಹೋಗುವ ಪಟ್ಟಿ ಇದೇ ಎಂದು ಮೇಡಂ ಆಗಲೇ ಹೇಳಿಬಿಟ್ಟಿದ್ದಾರೆ.

2025ರ ಜನವರಿಯಿಂದ ಜಾರಿಗೆ ಬಂದ ಕೌಂಟರ್ ಸಂಹಿತೆಯ 5.1 ಆವೃತ್ತಿಯಲ್ಲಿ ಜೇಸನ್ ರಚನೆಯೇ ಬದಲಾಗಿದೆ. ಹಿಂದೆ ತಿಂಗಳಿನ ಕೆಳಗೆ ಎಣಿಕೆಯ ಬಗೆಗಳಿದ್ದವು. ಈಗ ಬಗೆಯ ಕೆಳಗೆ ತಿಂಗಳುಗಳು. ಓದಲು ಇದೇ ಹಿತ, ಆದರೆ ಹಳೆಯ ಕಡತಗಳಿಗಾಗಿ ಎರಡು ಜೆಕ್ಯೂ ಫಿಲ್ಟರ್ ಸಾಕಬೇಕಾಗಿದೆ. ಮುಂದೆ ಟಿಆರ್-ಜೆ2 ವರದಿಯನ್ನು ಸೇರಿಸಬೇಕು. ಓದಲು ಹೋಗಿ ಪರವಾನಗಿ ಇಲ್ಲವೆಂದು ನಮ್ಮ ಸಂಶೋಧನಾ ವಿದ್ಯಾರ್ಥಿಗಳು ಬರಿಗೈಯಲ್ಲಿ ಮರಳಿದ ಜರ್ನಲ್‌ಗಳ ಲೆಕ್ಕ ಅದರಲ್ಲಿರುತ್ತದೆ.