ಕತ್ತಿನ ರಕ್ತನಾಳದ ಗಡ್ಡೆ ತೆಗೆಸಿದರೆ ಲಕ್ವ ಹೊಡೆಯುತ್ತದೆಯೇ?

ಸ್ಕ್ಯಾನ್ ವರದಿಯಲ್ಲಿ ‘ಕ್ಯಾರೋಟಿಡ್ ಬಾಡಿ ಟ್ಯೂಮರ್’ ಎಂದು ಬಂದರೆ ಮನೆಯವರು ಮೊದಲು ಕೇಳುವುದು ಇದನ್ನೇ. ಹೊಡೆಯಬಹುದು. ಎಲ್ಲ ಬಗೆಯ ಗಡ್ಡೆಗಳನ್ನೂ ಸೇರಿಸಿ ಲೆಕ್ಕ ಹಾಕಿದರೆ ಸುಮಾರು 100ಕ್ಕೆ 3–4 ಮಂದಿಗೆ. ಆದರೆ ಈ ಸರಾಸರಿ ನಿಮ್ಮ ರೋಗಿಯ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ. ಅದನ್ನು ಹೇಳುವುದು ರಕ್ತನಾಳಗಳನ್ನು ತೋರಿಸುವ ಸ್ಕ್ಯಾನ್ ಆದ ಸಿಟಿ ಆಂಜಿಯೋ ಚಿತ್ರ.

ಕತ್ತಿನಲ್ಲಿ ಮೇಲಕ್ಕೆ ರಕ್ತ ಒಯ್ಯುವ ಕ್ಯಾರೋಟಿಡ್ ನಾಳ ದವಡೆಯ ಕೆಳಗೆ ಎರಡು ಕವಲಾಗುತ್ತದೆ: ಒಳಗವಲು ಮಿದುಳಿಗೆ, ಹೊರಗವಲು ಮುಖಕ್ಕೆ. ಗಡ್ಡೆ ಬೆಳೆಯುವುದು ಆ ಕವಲಿನ ಸಂದಿಯಲ್ಲೇ. ಗಡ್ಡೆ ನಾಳವನ್ನು ಎಷ್ಟು ಸುತ್ತಿದೆ ಎಂಬುದರ ಮೇಲೆ ಮಾಡಿದ 1971ರ ಶಾಂಬ್ಲಿನ್ ವಿಂಗಡಣೆಯ ಒಂದನೇ ದರ್ಜೆಯಲ್ಲಿ ಗಡ್ಡೆಯನ್ನು ನಾಳದಿಂದ ಸುಲಭವಾಗಿ ಬಿಡಿಸಬಹುದು. ಮಿದುಳಿಗೆ ಹೋಗುವ ರಕ್ತ ಸಾಮಾನ್ಯವಾಗಿ ನಿಲ್ಲುವುದೇ ಇಲ್ಲ. ಎರಡನೆಯದು ನಾಳವನ್ನು ಅರೆಬರೆ ಸುತ್ತಿರುತ್ತದೆ. ಮೂರನೆಯದು ನಾಳವನ್ನೇ ನುಂಗಿರುತ್ತದೆ. ಆಗ ಒಳಗವಲಿನ ತುಂಡನ್ನೂ ಕತ್ತರಿಸಿ, ಕಾಲಿನ ಸಿರೆಯನ್ನು ಅಲ್ಲಿ ಜೋಡಿಸಬೇಕಾಗಬಹುದು. ಲಕ್ವದ ನಿಜವಾದ ಭಯ ಇಲ್ಲಿದೆ.

ಜೋಡಿಸುವಷ್ಟು ಹೊತ್ತು ನಾಳಕ್ಕೆ ಕ್ಲಾಂಪ್ (ರಕ್ತ ತಡೆಯುವ ಚಿಮುಟ) ಹಾಕಬೇಕು. ರಕ್ತ ಹೆಪ್ಪುಗಟ್ಟದಂತೆ ಅದಕ್ಕೆ ಮೊದಲೇ ಹೆಪಾರಿನ್ ಕೊಡುತ್ತಾರೆ, ಬಿಪಿ ಇಳಿಯಲು ಬಿಡುವುದಿಲ್ಲ. ಕ್ಲಾಂಪಿನ ಆಚೆ, ಮಿದುಳಿನ ಕಡೆಯಿಂದ ಹಿಂದಕ್ಕೆ ಬರುವ ರಕ್ತದ ಒತ್ತಡ 40–50 ಮಿಲಿಮೀಟರಿಗಿಂತ ಕಡಿಮೆಯಿದ್ದರೆ ಇನ್ನೊಂದು ಬದಿಯ ನಾಳಗಳ ನೆರವು ಸಾಲದು ಎಂದರ್ಥ. ಆಗ ಶಂಟ್ ಎಂಬ ಸಣ್ಣ ಕೊಳವೆಯ ಮೂಲಕ ರಕ್ತ ಹರಿಸುತ್ತಾರೆ. ಆ ಕೊಳವೆ ತೂರಿಸುವಾಗ ಗಾಳಿಗುಳ್ಳೆಯೋ ಹೆಪ್ಪೋ ಮೇಲಕ್ಕೆ ಹೋದರೆ ಅದರಿಂದಲೇ ಲಕ್ವ ಆಗಬಹುದು; ಹಾಗಾಗಿ ಅನುಭವಿ ವ್ಯಾಸ್ಕುಲರ್ ಸರ್ಜನ್ ಪಕ್ಕದಲ್ಲಿರುವುದು ಮುಖ್ಯ.

ದೊಡ್ಡ ಗಡ್ಡೆಗೆ ಕೆಲವೆಡೆ 24–48 ಗಂಟೆ ಮೊದಲು ಎಂಬೊಲೈಸೇಶನ್ ಮಾಡಿ, ಅಂದರೆ ಸಣ್ಣ ಕಣಗಳನ್ನು ಹಾಯಿಸಿ, ಗಡ್ಡೆಗೆ ರಕ್ತ ಪೂರೈಸುವ ಕವಲುಗಳನ್ನು ಮುಚ್ಚುತ್ತಾರೆ. ರಕ್ತಸ್ರಾವ ತಗ್ಗುತ್ತದೆ, ನಿಜ. ಆದರೆ ಆ ಕಣಗಳು ಒಳಗವಲಿಗೆ ಜಾರಿದರೆ ನೇರ ಮಿದುಳಿಗೇ ಹೋಗುತ್ತವೆ. ಸಣ್ಣ ಗಡ್ಡೆಗೆ ಇದು ಬೇಡ ಎಂಬುದೇ ನಮ್ಮ ಅಭಿಪ್ರಾಯ. ಸೂಜಿ ಚುಚ್ಚಿ ಬಯಾಪ್ಸಿಯಂತೂ ಬೇಡವೇ ಬೇಡ. ಈ ಗಡ್ಡೆಯ ತುಂಬ ರಕ್ತನಾಳಗಳೇ.

ಲಕ್ವಕ್ಕಿಂತ ಹೆಚ್ಚಾಗಿ ಕಾಣುವುದು ನರದ ಪೆಟ್ಟು. ದನಿ ಒಡೆಯುವುದು, ನುಂಗುವಾಗ ಕೆಮ್ಮು, ನಾಲಿಗೆ ಅಥವಾ ಕೆಳತುಟಿ ಒಂದು ಕಡೆ ವಾಲುವುದು: ಇವೆಲ್ಲ ಬಹುತೇಕ ಕತ್ತಿನ ನರಗಳದ್ದು, ಎಷ್ಟೋ ಜನರಲ್ಲಿ ತಿಂಗಳುಗಳಲ್ಲಿ ಸರಿಹೋಗುತ್ತದೆ. ಆಪರೇಷನ್ ಆದ ಬದಿಗೆ ಎದುರಿನ ಕೈಕಾಲು ಸೋತರೆ, ಮಾತು ತೊದಲಿದರೆ ಕಾಯಬೇಡಿ, ತಕ್ಷಣ ನರ್ಸನ್ನು ಕರೆಯಿರಿ. ನಾಳ ಹೊಲಿದ ಜಾಗದಲ್ಲಿ ಹೆಪ್ಪು ಕಟ್ಟಿದ್ದರೆ ಕೂಡಲೇ ಮತ್ತೆ ಥಿಯೇಟರಿಗೆ ಒಯ್ದು ತೆಗೆಯಬೇಕಾಗುತ್ತದೆ.